ನೂರು ವೋಲ್ಟಿನ ಊರಿಗೆ ನಾಗಶ್ರೀ

ಆಗಸ್ಟ್ 3, ಭಾನುವಾರ

ಜಪಾನಂತೆ! ಕೋಬೆ ಅನ್ನೋ ಊರಂತೆ! ನಮ್ಮ ನಾಗಶ್ರೀಯನ್ನು ಕರೆದಿದ್ದಾರೆ!

ಬೆಳಿಗ್ಗೆ ಎಂಟೂ ಹತ್ತಕ್ಕೆ ಪತ್ರ ಬಂತು, ನೇರ ಅವಳ ಲ್ಯಾಪ್‌ಟಾಪಿಗೆ. ಮಗಳು ನಕ್ಕ ಸದ್ದಿಗೆ ಹೆಂಡತಿ ಬೆಳ್ಳಮ್ಮ ಒಲೆ ಮೇಲಿನ ಎಸರು ಬಿಟ್ಟು ಓಡಿಬಂದಳು. ನಾನು ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಕುಣಿದೆ. ಬಾಯಿಂದ ಮಾತಾಡಲಾಗದೆ ಯಂತ್ರದಿಂದ ಮಾತಾಡುವವರದೇ ಒಂದು ಸಭೆಯಂತೆ, ಅಕ್ಟೋಬರಿನಲ್ಲಿ. ಎಷ್ಟೋ ದೇಶದಿಂದ ಬರುತ್ತಾರಂತೆ. ನಮ್ಮ ಕೂಸು ಹತ್ತು ನಿಮಿಷ ಕನ್ನಡದಲ್ಲೇ ಮಾತಾಡಬೇಕು, ಹಿಂದಿನ ಪರದೆ ಮೇಲೆ ಇಂಗ್ಲಿಷು, ಜಪಾನಿ ಎರಡೂ ಮೂಡುತ್ತದಂತೆ. ವಿಮಾನ, ವಸತಿ ಎಲ್ಲ ಅವರದೇ. ಜೊತೆಗೆ ಒಬ್ಬರು ಹೋಗಬಹುದು.

ಮೂವತ್ತೊಂದು ವರ್ಷ ಲೈನ್‌ಮನ್ ಆಗಿ ಲಾಗ್ ಬುಕ್ ಬರೆದು ಕೈಗೆ ಚಟ ಹತ್ತಿಬಿಟ್ಟಿದೆ. ರಿಟೈರ್ ಆದ ಮೇಲೂ ಕರೆಂಟು ಹೋದ ಹೊತ್ತು, ಬಂದ ಹೊತ್ತು ಈ ಪುಸ್ತಕದಲ್ಲಿ ಬರೆಯುತ್ತಾ ಬಂದಿದ್ದೇನೆ. ಮಳವಳ್ಳಿಯಲ್ಲಿ ನನ್ನನ್ನು ಬಿಟ್ಟರೆ ಇನ್ಯಾರಿಗೂ ಅದು ಬೇಕಿಲ್ಲ. ಇವತ್ತಿನಿಂದ ಈ ಪುಸ್ತಕ ಜಪಾನಿಗೆ ಮೀಸಲು.

ನಾಗಶ್ರೀಗೆ ಈಗ ಇಪ್ಪತ್ತಾರು. ಹುಟ್ಟಿದಾಗಿನಿಂದ ನಾಲಿಗೆ, ಕೈಬೆರಳು, ಕಾಲು ಯಾವುದೂ ಅವಳ ಹಿಡಿತಕ್ಕೆ ಸಿಗಲಿಲ್ಲ, ಓಡಾಟವೆಲ್ಲ ಗಾಲಿಕುರ್ಚಿಯಲ್ಲೇ. ತಲೆ ಮಾತ್ರ ನಮ್ಮಿಬ್ಬರದೂ ಸೇರಿಸಿದರೂ ಅವಳದೇ ಮುಂದು. ಐದು ವರ್ಷದ ಹಿಂದೆ ಈ ಲ್ಯಾಪ್‌ಟಾಪ್ ಬಂತು. ಕೀಲಿಗಳ ಮೇಲೆ ತೂತು ಬಿದ್ದ ಪ್ಲಾಸ್ಟಿಕ್ ತಟ್ಟೆ ಕೂರಿಸಿದ್ದೇವೆ, ತೂತಿನೊಳಗೆ ಒಂದೇ ಬೆರಳಿಟ್ಟು ಒತ್ತುತ್ತಾಳೆ. ಒಂದು ವಾಕ್ಯಕ್ಕೆ ಒಂದೂವರೆ ನಿಮಿಷ. ಆಮೇಲೆ ಅದರೊಳಗಿನ ಹೆಂಗಸು ಓದಿ ಹೇಳುತ್ತಾಳೆ. ನಮ್ಮ ಮನೆಯಲ್ಲಿ ಹಕಾರವನ್ನು ನೆಟ್ಟಗೆ ಹೇಳುವವಳು ಆ ಹೆಂಗಸು ಒಬ್ಬಳೇ.

ಇವತ್ತೂ ಏನೋ ಒತ್ತಲು ಶುರು ಮಾಡಿದಳು. 'ಅಪ್ಪ ಜೊತೆಗೆ' ಅಂತ ಪರದೆಯ ಮೇಲೆ ಬಂತು. ಮುಂದಿನದನ್ನೂ ಒತ್ತಿ ಬೆರಳು ನೋಯಿಸಿಕೊಳ್ಳಬೇಕೆ? "ನಾನೇ ಬತ್ತೀನಿ ಕಣವ್ವ, ಇನ್ಯಾರು ಬತ್ತಾರೆ!" ಅಂದೆ. ಬೆರಳು ತೆಗೆದು ಸುಮ್ಮನಾದಳು. ಖುಷಿಗೆ ಮಾತೇ ಹೊರಡಲಿಲ್ಲ, ಪಾಪ.

ಆಗಸ್ಟ್ 6, ಬುಧವಾರ

ಬೀದಿಗೆಲ್ಲ ಸುದ್ದಿಯಾಯ್ತು. ಪಕ್ಕದ ಮನೆ ಮುದ್ದಮ್ಮ ಬಂದು, ಗೋಡೆಯ ಮೇಲಿನ ಬುದ್ಧನ ಪಟ ನೋಡಿ, "ಬುದ್ದಪ್ಪನ ದರುಸನಾನೂ ಆಯ್ತದೆ ಬುಡು. ಆದ್ರೆ ಅಲ್ಲಿ ರಾಗಿ ಸಿಕ್ತದೇನಣ್ಣ?" ಅಂದಳು. ರಾಗಿ ಯೋಚನೆ ನನಗಿಲ್ಲ. ನನ್ನ ಯೋಚನೆ ಬೇರೆ.

ಮೊಬೈಲಿನಲ್ಲಿ ನೋಡಿದೆ. ಜಪಾನಿನ ವೋಲ್ಟೇಜು ನೂರು. ನೂರು! ನಮ್ಮಲ್ಲಿ ನೂರ ಅರವತ್ತಕ್ಕೆ ಇಳಿದರೆ ಪಂಪ್‌ಸೆಟ್ಟಿನವರು ಬಂದು ಆಫೀಸಿಗೆ ಮುತ್ತಿಗೆ ಹಾಕೋರು. ಆ ಜನ ನೂರರಲ್ಲಿ ಅಷ್ಟು ದೊಡ್ಡ ರೈಲು ಓಡಿಸಿಕೊಂಡು ಸುಮ್ಮನಿದ್ದಾರಾ? ಅಷ್ಟು ಸಾಲದು ಅಂತ ಗೋಡೆಯ ಪ್ಲಗ್ಗಿಗೆ ಎರಡೇ ಸೀಳು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗಿಗೆ ಮೂರನೇ ತೂತೇ ಇಲ್ಲ! ಚಿತ್ರವನ್ನು ಮೂರು ಸಲ ನೋಡಿದೆ. ಅರ್ಥಿಂಗ್ ಇಲ್ಲದ ದೇಶಕ್ಕೆ ಮಗಳನ್ನು ಕರೆದುಕೊಂಡು ಹೋಗುವುದು ಹೇಗೆ?

ಅಲ್ಲಿ ಚಾರ್ಜ್ ಆಗದಿದ್ದರೆ ಅವಳ ಹತ್ತು ನಿಮಿಷ ಮಣ್ಣುಪಾಲು. ಬೇರೆಯವರಿಗೆ ಲ್ಯಾಪ್‌ಟಾಪ್ ಕೆಟ್ಟರೆ ಕೆಲಸ ನಿಲ್ಲುತ್ತದೆ, ಇವಳಿಗೆ ಬಾಯೇ ನಿಲ್ಲುತ್ತದೆ. ಅಷ್ಟು ದೂರ ಹೋಗಿ ವೇದಿಕೆ ಮೇಲೆ ಮೂಕಳಂತೆ ಕೂರಬೇಕಾದೀತು. ಅದು ನಾನು ಇರುವವರೆಗೆ ಆಗಬಾರದು.

ನನ್ನ ಪೇಚಾಟ ನೋಡಿ ಅವಳೂ ಒತ್ತಿದಳು: 'ಅಪ್ಪ ಚಾರ್ಜರ್ ಮೇಲೆ'. ನೋಡಿದರೆ ಚಾರ್ಜರ್ ಮೇಲೆ ಬೆಳ್ಳಮ್ಮನ ಟವೆಲ್ಲು! "ಬಿಸಿ ಆಯ್ತದೆ, ಬಟ್ಟೆ ಹಾಕ್ಬಾರ್ದು ಅಂತ ತಾನೆ? ತಗುದೆ ಕಣವ್ವ" ಅಂದೆ. ಎಷ್ಟು ಸೂಕ್ಷ್ಮ ನೋಡಿ ನನ್ನ ಮಗಳದು.

ಆಗಸ್ಟ್ 9, ಶನಿವಾರ

ದಾರಿ ಸಿಕ್ಕಿತು! ಮದ್ದೂರಿಗೆ ಹೋಗಿ ಪುಟ್ಟಸ್ವಾಮಿಯನ್ನು ಕಂಡೆ. ಸುಟ್ಟ ಮೋಟಾರಿಗೆ ತಂತಿ ಸುತ್ತೋದರಲ್ಲಿ ಈ ಮೂರು ತಾಲೂಕಿಗೆ ಅವನನ್ನು ಬಿಟ್ಟರಿಲ್ಲ. ಸುಟ್ಟ ಪಂಪುಗಳ ರಾಶಿಯ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದ.

"ಲೇ ಪುಟ್ಸಾಮಿ, ನೂರನ್ನ ಇನ್ನೂರ ಮೂವತ್ತು ಮಾಡೋ ಟ್ರಾನ್ಸ್‌ಫಾರ್ಮರ್ ಸುತ್ಕೊಡ್ಲಾ. ಜಪಾನಿಗೆ ತಗೊಂಡೋಗ್ಬೇಕು."

"ಜಪಾನಿಗಾ? ಜಪಾನಿನೋರು ನಮ್ಗೆ ಕಳುಸ್ತಾರೆ ಕಣಣ್ಣ ಸಾಮಾನ, ನಾವು ಅವ್ರಿಗೆ ಕಳ್ಸದು ಇದೇ ಮೊದ್ಲು."

"ತಮಾಸೆ ಬ್ಯಾಡ. ಮಗಳ ಮಾತಿನ ವಿಸ್ಯ."

ಅಷ್ಟಕ್ಕೇ ಅವನ ಮುಖ ಬದಲಾಯ್ತು. ತಾಮ್ರದ ತಂತಿ ಹೊಸದು ಹಾಕ್ತೀನಿ, ಹಳೇದು ಮುಟ್ಟಲ್ಲ ಅಂದ. ತೂಕ ಎಷ್ಟಾಗಬಹುದು ಅಂದದ್ದಕ್ಕೆ, "ಗುಂಡ್ಕಲ್ಲಿಗಿಂತ ಒಸಿ ಕಮ್ಮಿ. ಇಮಾನ ಏಳ್ತದೆ, ಎದರ್ಬ್ಯಾಡ" ಅಂದ. ರೈಲ್ವೆ ಸ್ಟೇಷನ್ ಹತ್ತಿರ ನಾನೂ ಅವನೂ ಎರಡೆರಡು ವಡೆ ತಿಂದು, ಮನೆಗೂ ಕಟ್ಟಿಸಿಕೊಂಡು ಬಂದೆ.

ಜೊತೆಗಾರರ ಹೆಸರು ಬರೆಯುವ ಫಾರಂ ಬಂದಿದೆ. ಇಪ್ಪತ್ತೆರಡಕ್ಕೆ ಕೊನೆ. ನನ್ನ ಹೆಸರು ತಾನೆ, ನಿಧಾನಕ್ಕೆ ತುಂಬಿದರಾಯ್ತು.

ಆಗಸ್ಟ್ 17, ಭಾನುವಾರ

ಬೆಳಿಗ್ಗೆ 9: ಪುಟ್ಟಸ್ವಾಮಿ ತಾನೇ ಬೈಕಿನಲ್ಲಿ ತಂದುಕೊಟ್ಟ. ಏನು ಸುತ್ತು, ಏನು ಚೆಂದ! ಹಸಿರು ಬಣ್ಣ ಬೇರೆ ಬಳಿದಿದ್ದಾನೆ. ಇವತ್ತೇ ಪರೀಕ್ಷೆ.

ಮಧ್ಯಾಹ್ನ 3: ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ, ತಪ್ಪಾದಾಗ ಬರೆಯದವನು ಲೈನ್‌ಮನ್ ಅಲ್ಲ.

ಮಳವಳ್ಳಿಯಲ್ಲಿ ನೂರು ವೋಲ್ಟು ಎಲ್ಲಿಂದ ತರೋದು? ನಮ್ಮ ಹಳೇ ಉಪಾಯ ಮಾಡಿದೆ. ಅಟ್ಟದಲ್ಲಿದ್ದ ಎರಡು ಹಳೇ ಬಲ್ಬನ್ನು ಒಂದರ ಹಿಂದೆ ಒಂದು ಕಟ್ಟಿದರೆ ಮನೆಯ ಕರೆಂಟು ಎರಡು ಪಾಲಾಗುತ್ತದೆ. ಅದರಲ್ಲಿ ಒಂದು ಪಾಲನ್ನು ಟ್ರಾನ್ಸ್‌ಫಾರ್ಮರಿಗೆ ಕೊಟ್ಟೆ. ನಾಗಶ್ರೀ ಬೇಡ ಅಂತ ತಲೆ ಅಲ್ಲಾಡಿಸುತ್ತಿದ್ದಳು, ಲ್ಯಾಪ್‌ಟಾಪನ್ನು ಎದೆಗೆ ಒತ್ತಿಕೊಂಡಿದ್ದಳು. "ಎದರ್ಬ್ಯಾಡ ಕಣವ್ವ, ನಿಮ್ಮಪ್ಪ ಅವ್ನೆ" ಅಂತ ಚಾರ್ಜರ್ ಸಿಕ್ಕಿಸಿದೆ. ದೀಪ ಹತ್ತಿತು! ನಮ್ಮ ನಡುಮನೆಯಲ್ಲೇ ಜಪಾನು! ಬೆಳ್ಳಮ್ಮನನ್ನು ಕೂಗಿದೆ, ಮುದ್ದಮ್ಮನನ್ನೂ ಕೂಗಿದೆ.

ನಾಲ್ಕನೇ ನಿಮಿಷಕ್ಕೆ ಒಂದು ಬಲ್ಬಿನ ತಂತಿ ಟಿಂಗ್ ಅಂತ ಕಡಿಯಿತು. ಅರ್ಧ ಬರುತ್ತಿದ್ದ ಕಡೆಗೆ ಪೂರ್ತಿ ನುಗ್ಗಿತು, ಟ್ರಾನ್ಸ್‌ಫಾರ್ಮರು ಗುರ್ ಅಂದು ಅದನ್ನು ಇಮ್ಮಡಿ ಮಾಡಿ ಚಾರ್ಜರಿಗೆ ಕೊಟ್ಟಿತು. ಟಪ್! ಹೊಗೆ, ಸುಟ್ಟ ವಾಸನೆ. ನಾನು ಪ್ಲಗ್ಗು ಕೀಳುವಷ್ಟರಲ್ಲಿ ಚಾರ್ಜರ್ ಸತ್ತಿತ್ತು. ಲ್ಯಾಪ್‌ಟಾಪ್ ಬದುಕಿದೆ. ಬ್ಯಾಟರಿ ನೂರಕ್ಕೆ ಮೂವತ್ತನಾಲ್ಕು.

ಮಗಳು ಬೈಯಲಿಲ್ಲ. ಬೈಯಲು ಚಾರ್ಜು ಖರ್ಚಾಗುತ್ತದೆ ಅಂತ ಸುಮ್ಮನಿದ್ದಾಳೋ ಏನೋ.

ಆಗಸ್ಟ್ 18, ಸೋಮವಾರ

ಆ ಪಿನ್ನಿನ ಚಾರ್ಜರ್ ಮಳವಳ್ಳಿಯಲ್ಲಿಲ್ಲ. ಮಂಡ್ಯದ ಅಂಗಡಿಯವನು ಬೆಂಗಳೂರಿನಿಂದ ತರಿಸಬೇಕಂತೆ, ಶನಿವಾರಕ್ಕೆ ಬಾ ಅಂದ.

ಇವತ್ತು ಅವಳು ಆಡಿದ್ದು ಮೂರೇ ಮಾತು. 'ನೀರು.' 'ಕಿಟಕಿ ತೆಗಿ.' 'ರೂಪಕ್ಕನಿಗೆ ಫೋನ್ ಮಾಡಿ ವಿಷಯ ಹೇಳು.' ರೂಪ ಅಂದರೆ ಮಂಡ್ಯದ ಶಾಲೆಯಲ್ಲಿ ಇವಳಿಗೆ ಓದು ಕಲಿಸಿದ ಮೇಡಂ. ಸಂಜೆ 6.40ಕ್ಕೆ ಪರದೆ ಕಪ್ಪಾಯ್ತು. ಲಾಗ್ ಬುಕ್ಕಿನಲ್ಲಿ ಎಷ್ಟೋ ಊರು ಕತ್ತಲಾದದ್ದನ್ನು ಬರೆದಿದ್ದೇನೆ. ಮಗಳ ಮಾತು ಹೋದ ಹೊತ್ತು ಬರೆಯುತ್ತಿರುವುದು ಇದೇ ಮೊದಲು.

ಆಗಸ್ಟ್ 19, ಮಂಗಳವಾರ

ಬೆಳ್ಳಮ್ಮ ಅಟ್ಟದಿಂದ ಅಕ್ಷರದ ರಟ್ಟು ಇಳಿಸಿದಳು. ಲ್ಯಾಪ್‌ಟಾಪ್ ಬರುವ ಮುಂಚೆ ಅದೇ ಇದ್ದದ್ದು, ರೂಪ ಮೇಡಂ ಮಾಡಿಕೊಟ್ಟದ್ದು. ನಾಗಶ್ರೀ ಒಂದೊಂದೇ ಅಕ್ಷರದ ಮೇಲೆ ಬೆರಳಿಡುತ್ತಾಳೆ, ನಾವು ಕೂಡಿಸಿಕೊಳ್ಳಬೇಕು.

'ಚಾ' ಮುಟ್ಟಿದಳು. "ಚಾ ಬೇಕಾ? ಬೆಳ್ಳಮ್ಮ, ಟೀ ಇಡು" ಅಂದೆ. ತಲೆ ಅಲ್ಲಾಡಿಸಿ ಮತ್ತೆ 'ಚಾ' ಮುಟ್ಟಿದಳು. "ಚಾಪೆ? ಮಲೀಕತೀಯಾ?" ರಟ್ಟನ್ನೇ ನೆಲಕ್ಕೆ ಎಸೆದಳು. ನನ್ನ ಮಗಳು, ನನ್ನ ಮುಖಕ್ಕೆ!

ಬೆಳ್ಳಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ರೀ, ನೀವು ಒಂದಕ್ಸರ ನೋಡಿ ಒಂಬತ್ತು ಏಳ್ತೀರಿ. ಅದ್ಕೆ ಸಾಕಾಗಿ ಊಂ ಅಂತದೆ ಕೂಸು. ನೀವು ಅದ್ನೇ ಅದ್ರ ಮಾತು ಅನ್ಕತೀರಿ. ಒಸಿ ಬಾಯ್ ಮುಚ್ಕಂಡು ನೋಡಿ."

ರೇಗಿತು. ಹೊರಗೆ ಜಗಲಿ ಮೇಲೆ ಹೋಗಿ ಕೂತೆ. ಇಪ್ಪತ್ತಾರು ವರ್ಷ ಆಸ್ಪತ್ರೆಯಲ್ಲಿ, ಶಾಲೆಯಲ್ಲಿ, ಬಸ್ಸಿನಲ್ಲಿ ಅವಳ ಪರವಾಗಿ ಮಾತಾಡಿದವನು ಯಾರು? ನಾನು ತಾನೆ?

ಕೂತವನಿಗೆ ಎದುರಿನ ಕಂಬ ಕಾಣುತ್ತಿತ್ತು. ಕಂಬ ಹತ್ತುವ ಮೊದಲು ನಾವು ಲೈನ್ ಕ್ಲಿಯರ್, ಅಂದರೆ ಕರೆಂಟು ತೆಗೆದಿದೆ ಅನ್ನೋ ಮಾತು, ತೆಗೆದುಕೊಳ್ಳಬೇಕು. ಸಬ್‌ಸ್ಟೇಷನ್ನಿನವನು ಫೋನಿನಲ್ಲಿ ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಬರೆದುಕೊಂಡು, ಅವನಿಗೇ ಓದಿ ಹೇಳಿ, ಅವನು ಸರಿ ಅಂದ ಮೇಲೇ ತಂತಿ ಮುಟ್ಟೋದು. ಇವನು ಇದನ್ನೇ ಹೇಳಿರುತ್ತಾನೆ ಅಂತ ಊಹೆ ಮಾಡಿಕೊಂಡು ಹತ್ತಿದವರು ಇಳಿದು ಬಂದಿಲ್ಲ. ಮೂವತ್ತೊಂದು ವರ್ಷದಲ್ಲಿ ನಾನು ಒಂದು ದಿನವೂ ಊಹೆ ಮಾಡಿದವನಲ್ಲ.

ಒಳಗೆ ಬಂದು ಈ ಪುಸ್ತಕವನ್ನೇ ತೆಗೆದುಕೊಂಡು ಕೂತೆ. "ಏಳವ್ವ. ಬರ್ಕತೀನಿ" ಅಂದೆ. ಅವಳು ಮುಟ್ಟಿದ ಒಂದೊಂದೇ ಅಕ್ಷರ ಬರೆದೆ. ತುಟಿ ಕಚ್ಚಿಕೊಂಡಿದ್ದೆ. ಹನ್ನೊಂದು ನಿಮಿಷ. ಓದಿ ಹೇಳಿದೆ: "ಚಾರ್ಜರ್ ಮೇಲೆ ಬರೆದಿದೆ ಓದು." ಹೌದು ಅಂತ ಜೋರಾಗಿ ತಲೆ ಆಡಿಸಿದಳು.

ಸತ್ತ ಚಾರ್ಜರನ್ನು ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು ನೋಡಿದೆ. ಇರುವೆ ಸಾಲಿನಂಥ ಅಕ್ಷರ. ಇನ್‌ಪುಟ್, 100ರಿಂದ 240 ವೋಲ್ಟು. ಐವತ್ತಾದರೂ ಸೈ, ಅರವತ್ತು ಹರ್ಟ್ಸ್ ಆದರೂ ಸೈ. ಅಂದರೆ ಅದು ಯಾವ ಟ್ರಾನ್ಸ್‌ಫಾರ್ಮರೂ ಇಲ್ಲದೆ ಜಪಾನಿನಲ್ಲಿ ನಡೆಯುತ್ತಿತ್ತು! ಆರನೇ ತಾರೀಕೇ ನನ್ನ ಮಗಳು ಅದನ್ನು ಹೇಳಲು ಹೊರಟಿದ್ದಳು. ನಾನು ಟವೆಲ್ಲು ತೆಗೆದೆ!

ತಲೆ ತಲೆ ಚಚ್ಚಿಕೊಂಡೆ, ಆಮೇಲೆ ನಗು ಬಂತು, ಮೂವರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಪುಟ್ಟಸ್ವಾಮಿಗೆ ಫೋನು ಮಾಡಿದರೆ, "ಬುಡಣ್ಣ, ಅದ್ನ ಬಾಗ್ಲು ಗಾಳಿಗೆ ಬಡ್ಕಳ್ದಂಗೆ ಅಡ್ಡ ಇಟ್ಕೊ" ಅಂದ.

ಆಗಸ್ಟ್ 21, ಗುರುವಾರ

ನಾಳೆ ಫಾರಂ ಕಳಿಸಬೇಕು. ತುಂಬಲು ಪೆನ್ನು ತೆಗೆದಾಗ ಅವಳು ರಟ್ಟು ಬಡಿದಳು. ನಾನು ಪುಸ್ತಕ ತೆರೆದೆ.

'ರೂ' ಅಂದಾಗ ರೂಮು ಅಂತ ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ.

ಬರೆದದ್ದು ಇದು: ರೂಪಕ್ಕ ಬರಲಿ. ನೀನು ಬೇಡ ಅಪ್ಪ.

ಓದಿ ಹೇಳಬೇಕಲ್ಲ, ನಿಯಮ. ಮೊದಲರ್ಧ ಓದಿದೆ, ಉಳಿದರ್ಧದ ಮೇಲೆ ಬೆರಳಿಟ್ಟು ಇನ್ನೊಂದು ಸಲ ನೋಡಿದೆ. ಆದರೂ ಓದಿದೆ. ಸರಿ ಅಂತ ತಲೆ ಆಡಿಸಿದಳು. ಅವಳ ಕಣ್ಣಲ್ಲಿ ನೀರಿತ್ತು, ಆದರೆ ತಲೆ ಆಡಿಸಿದಳು.

"ಯಾಕವ್ವ?" ಅಂದೆ. ಮತ್ತೆ ಹದಿನಾಲ್ಕು ನಿಮಿಷ: ನೀನಿದ್ದರೆ ಎಲ್ಲರೂ ನಿನ್ನ ಮುಖ ನೋಡುತ್ತಾರೆ.

ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಬರೆಯಲಿ. ಜಪಾನು ನನಗೆ ಬೇಕಿತ್ತು. ವಿಮಾನ ಬೇಕಿತ್ತು, ಆ ರೈಲು ಬೇಕಿತ್ತು, ಅವಳ ಪಕ್ಕದಲ್ಲಿ ನಿಂತು ಇವಳು ನನ್ನ ಮಗಳು ಅನ್ನುವುದೂ ಬೇಕಿತ್ತು. ಬಸ್ ಸ್ಟ್ಯಾಂಡಿನ ತನಕ ನಡೆದು ಹೋಗಿ ಬಂದೆ. ರೂಪ ಮೇಡಂ ಹತ್ತಿರ ಪಾಸ್‌ಪೋರ್ಟು ಇದೆಯಂತೆ, ಒಂದೇ ಮಾತಿಗೆ ಒಪ್ಪಿದರು. ಫಾರಂನಲ್ಲಿ ಅವರ ಹೆಸರು ಬರೆದೆ.

ಆಗಸ್ಟ್ 23, ಶನಿವಾರ

ಮಾತು ಬಂತು! ಮಾತು ಬಂತು!

ನಾನೂ ನಾಗಶ್ರೀಯೂ ಮಂಡ್ಯಕ್ಕೆ ಹೋಗಿದ್ದೆವು. ಅಂಗಡಿಯವನು ಎರಡು ಚಾರ್ಜರ್ ಮುಂದಿಟ್ಟು, "ಯಾವ್ದು ಕೊಡ್ಲಿ ಯಜಮಾನ್ರೆ, ಈಯಮ್ಮನಿಗೆ?" ಅಂತ ನನ್ನನ್ನು ಕೇಳಿದ. "ಲ್ಯಾಪ್‌ಟಾಪ್ ಅವ್ಳದು, ಅವ್ಳನ್ನೇ ಕೇಳಪ್ಪ" ಅಂದೆ. ಒಂದನ್ನು ಅವನ ಮೇಜಿನ ಮೇಲೇ ಸಿಕ್ಕಿಸಿ ಪರದೆ ಬೆಳಗುವ ತನಕ ಕಾದೆವು. ಅವನು ಎರಡು ಸಲ ಗಡಿಯಾರ ನೋಡಿದ. ನೋಡಲಿ ಬಿಡು.

ಆಮೇಲೆ ಒಳಗಿನ ಹೆಂಗಸು ಅಂಗಡಿಗೆಲ್ಲ ಕೇಳುವ ಹಾಗೆ ಹೇಳಿದಳು: "ಚೌಕದೊಳಗೆ ಚೌಕ ಇರುವುದು ಕೊಡಿ. ಅದಕ್ಕೆ ಒಳಗೇ ಎರಡು ಪದರದ ರಕ್ಷಣೆ ಇದೆ. ಅರ್ಥಿಂಗ್ ಬೇಕಾಗಿಲ್ಲ."

ನಾನೂ ಅಂಗಡಿಯವನೂ ಒಟ್ಟಿಗೆ ಬಗ್ಗಿ ನೋಡಿದೆವು. ಒಂದರ ಬೆನ್ನ ಮೇಲೆ ಪುಟ್ಟ ಚೌಕ, ಅದರೊಳಗೆ ಇನ್ನೊಂದು ಚೌಕ. ಎಷ್ಟೋ ಸಾಮಾನಿನ ಮೇಲೆ ಆ ಗುರುತು ಕಂಡಿದ್ದೆ, ಅಂದಕ್ಕೆ ಹಾಕಿರುತ್ತಾರೆ ಅಂದುಕೊಂಡಿದ್ದೆ! ನಾನು ಹದಿನೈದು ದಿನದಿಂದ ನಿದ್ದೆಗೆಟ್ಟ ಅರ್ಥಿಂಗಿಗೆ ಮಗಳು ಮೂರೇ ವಾಕ್ಯದಲ್ಲಿ ಉತ್ತರ ಹೇಳಿದಳು. ಅದರ ವಯರು ಬಿಚ್ಚಿ ಬದಲಾಯಿಸಬಹುದು. ಮನೆಗೆ ನಮ್ಮ ಪಿನ್ನಿನ ವಯರು, ಜಪಾನಿಗೆ ಎರಡು ಚಪ್ಪಟೆ ಪಿನ್ನಿನ ವಯರು ಬೇರೆಯೇ ಕೊಂಡೆವು. ನಡುವೆ ಅಡಾಪ್ಟರ್ ಅನ್ನೋ ಇನ್ನೊಂದು ಕೊಂಡಿ ಇದ್ದರೆ ಸಡಿಲವಾಗಿ ಕಿಡಿ ಹಾರುತ್ತದೆ, ಆ ಬುದ್ಧಿವಂತಿಕೆ ಮಾತ್ರ ನನ್ನದು. ಅವಳೂ ಒಪ್ಪಿದಳು. ಬಸ್ಸಿನಲ್ಲಿ ಮಳವಳ್ಳಿ ಬರುವ ತನಕ ಮಾತೇ ಮಾತು, ಕಂಡಕ್ಟರ್ ಕೂಡ ನಿಂತು ಕೇಳಿದ.

ಅಕ್ಟೋಬರ್ 4, ಶನಿವಾರ

ಹೊರಟರು. ಅಂಥದೇ ಇನ್ನೊಂದು ತರಿಸಿ ಈಗ ಚಾರ್ಜರ್ ಎರಡು, ಒಂದು ಅವಳ ಚೀಲದಲ್ಲಿ, ಒಂದು ರೂಪ ಮೇಡಂ ಚೀಲದಲ್ಲಿ. ಪವರ್ ಬ್ಯಾಂಕು ಕೈಚೀಲದಲ್ಲೇ ಇರಬೇಕಂತೆ, ವಿಮಾನದ ಹೊಟ್ಟೆಗೆ ಹಾಕುವ ಪೆಟ್ಟಿಗೆಯಲ್ಲಿ ಇಡಬಾರದು. ಇದೆಲ್ಲ ನಾಗಶ್ರೀಯ ಏರ್ಪಾಟು. ನಾನು ಚಕ್ಕುಲಿ ಡಬ್ಬ ಕಟ್ಟಿದೆ.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಬೆಳ್ಳಮ್ಮ ಅತ್ತಳು. ನಾನೂ ಅತ್ತೆ.

ಅಕ್ಟೋಬರ್ 6, ಸೋಮವಾರ

ಫೋಟೋ ಬಂತು! ಕೋಬೆಯ ಗೋಡೆ, ಎರಡು ಸೀಳು, ಅದರೊಳಗೆ ನಮ್ಮ ಪ್ಲಗ್ಗು. ಪಕ್ಕದಲ್ಲಿ ಅವಳ ಬೆರಳು. ದೀಪ ಹತ್ತಿದೆ. ನೂರು ವೋಲ್ಟು ಸಾಕು, ಬೇಕಾದಷ್ಟಾಯ್ತು!

ಅಕ್ಟೋಬರ್ 8, ಬುಧವಾರ

ಅಲ್ಲಿ ಮಧ್ಯಾಹ್ನ ಎರಡು, ಇಲ್ಲಿ ಹತ್ತೂವರೆ. ನಮ್ಮ ಟಿವಿಯಲ್ಲೇ ನೇರಪ್ರಸಾರ! ಮುದ್ದಮ್ಮ, ಪುಟ್ಟಸ್ವಾಮಿ, ಬೀದಿಯ ಅರ್ಧ ಜನ ನಡುಮನೆಯಲ್ಲಿ. ಕೂರಲು ಜಾಗವಿಲ್ಲದೆ ಪುಟ್ಟಸ್ವಾಮಿ ತಾನು ಸುತ್ತಿದ ಟ್ರಾನ್ಸ್‌ಫಾರ್ಮರ್ ಮೇಲೇ ಕೂತ.

ನಮ್ಮ ಕೂಸು ಬಂತು. ಬೆಳ್ಳಮ್ಮನ ನೀಲಿ ಸೀರೆ. ರೂಪ ಮೇಡಂ ಗಾಲಿಕುರ್ಚಿಯನ್ನು ಮೇಜಿಗೆ ಸರಿಯಾಗಿ ನಿಲ್ಲಿಸಿ ಹಿಂದಕ್ಕೆ ಸರಿದರು. ಆ ದೊಡ್ಡ ಹಾಲಿನಲ್ಲಿ ನಮ್ಮ ಮನೆಯ ಹೆಂಗಸಿನ ದನಿ ಮೊಳಗಿತು: "ನನ್ನ ಊರು ಮಳವಳ್ಳಿ. ನನಗೂ ನಿಮ್ಮ ಹಾಗೆ ಸಿಟ್ಟು ಬರುತ್ತದೆ. ಆದರೆ ಬೈಗುಳ ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಬೈಸಿಕೊಳ್ಳಬೇಕಾದವರು ಊಟಕ್ಕೆ ಹೋಗಿರುತ್ತಾರೆ." ಜಪಾನಿಗೆ ಜಪಾನೇ ನಕ್ಕಿತು! ಮೊದಲೇ ಒತ್ತಿಟ್ಟುಕೊಂಡು ಹೋಗಿದ್ದ ಮಾತು, ಹತ್ತು ನಿಮಿಷವೂ ಒಂದು ತಡೆ ಇಲ್ಲ. ನಾನು ಏನು ಮಾಡಿದೆನೋ ಗೊತ್ತಿಲ್ಲ, ಪುಟ್ಟಸ್ವಾಮಿಯ ಅಂಗಿ ಹರಿದಿದೆ.

ಆಮೇಲೆ ಪ್ರಶ್ನೆ. ಮುಂದಿನ ಸಾಲಿನ ಒಬ್ಬ ಹೆಂಗಸು ಏನೋ ಕೇಳಿದರು. ರೂಪ ಮೇಡಂ ಅದನ್ನು ಕನ್ನಡದಲ್ಲಿ ಹೇಳಿದ್ದು ಮೈಕಿಗೂ ಕೇಳಿಸಿತು: "ಈ ಯಂತ್ರ ಬರುವ ಮೊದಲು ನಿಮ್ಮ ಪರವಾಗಿ ಯಾರು ಮಾತಾಡುತ್ತಿದ್ದರು? ಅವರು ಹೇಳುತ್ತಿದ್ದುದು ನಿಮ್ಮ ಮಾತೇ ಆಗಿರುತ್ತಿತ್ತಾ?"

ನಡುಮನೆಯ ಎಲ್ಲ ತಲೆಯೂ ನನ್ನ ಕಡೆ ತಿರುಗಿತು.

ಅವಳು ಒತ್ತಲು ಶುರು ಮಾಡಿದಳು. ಹಾಲಿನಲ್ಲಿ ಒಂದು ಕೆಮ್ಮೂ ಇಲ್ಲ. ಇಲ್ಲಿ ಮಾತ್ರ ಗದ್ದಲ. "ನಮ್ಮಪ್ಪಾನೇ ಎಲ್ಲಾ ಅಂತಾಳೆ ನೋಡ್ತಿರಿ" ಅಂದಳು ಮುದ್ದಮ್ಮ. "ಅಪ್ಪ ಚಾರ್ಜರ್ ಸುಟ್ಟ ಅಂತಾಳೆ ಕಣಮ್ಮೋ" ಅಂದ ಪುಟ್ಟಸ್ವಾಮಿ. "ಸುಮ್ಕಿರ್ರೋ!" ಅಂತ ಕೂಗಿದೆ. ಅವಳ ಬೆರಳು ಕೊನೆಯ ಕೀಲಿಯಿಂದ ಮೇಲೆ ಎದ್ದಿತು.

10.52ಕ್ಕೆ ಕರೆಂಟು ಹೋಯ್ತು.

ಟಿವಿ ಕಪ್ಪು. ಮೊಬೈಲಿನಲ್ಲಿ ಹುಡುಕಿ ಹಚ್ಚುವಷ್ಟರಲ್ಲಿ ವೇದಿಕೆ ಮೇಲೆ ಇನ್ಯಾರೋ ಇದ್ದರು. "ಏನಂದ್ಲೋ! ನೀನೇ ಏಳಣ್ಣ, ಹೆತ್ತೋನು ನೀನು, ನಿಂಗೆ ಗೊತ್ತಿರಾಕಿಲ್ವ?" ಅಂತ ಮುದ್ದಮ್ಮ ಗಂಟುಬಿದ್ದಳು.

"ನಂಗೆಂಗೆ ಗೊತ್ತಾದದು? ನಾನೂ ಕೇಳ್ಲಿಲ್ವಲ್ಲ" ಅಂದೆ. ನಿಜವಾಗಿಯೂ ಗೊತ್ತಿಲ್ಲ. ಎಲ್ಲರೂ ಎದ್ದುಹೋದ ಮೇಲೆ ಅವಳಿಗೆ ವಾಟ್ಸಾಪಿನಲ್ಲಿ ಹಾಕಿದೆ: ಏನಂದೆ ಕೂಸು?

1.15: ನೋಡಿದಳು. ಟೈಪ್ ಮಾಡುತ್ತಿದ್ದಾಳೆ ಅಂತ ತೋರಿಸುತ್ತಿದೆ.

1.40: ಇನ್ನೂ ತೋರಿಸುತ್ತಿದೆ. ಉದ್ದಕ್ಕೇ ಇರಬೇಕು. ಕರೆಂಟು ಬಂದದ್ದು ಎಷ್ಟಕ್ಕೋ, ನೋಡಲಿಲ್ಲ. ಬೆಳ್ಳಮ್ಮ ಮುದ್ದೆ ಆರಿಹೋಯ್ತದೆ ಬನ್ನಿ ಅಂತ ಮೂರನೇ ಸಲ ಕೂಗಿದಳು. ಒಸಿ ತಡಿ ಅಂದೆ, ಮಗಳು ಮಾತಾಡ್ತಾವ್ಳೆ.